ಇಂಗು

ಮೂರನೆಯ ಪಿರಿಯಡ್ಡು, ಒಂಬತ್ತನೆಯ ಬಿ.
ಇಳಕಲ್ಲಿನ ಕೆಂಪು ಗ್ರಾನೈಟಿನ ಪುಡಿ
ಕಿಟಕಿಯ ಸರಳುಗಳ ಮೇಲೆ.
ಬೋರ್ಡಿನಲ್ಲಿ ವಾಕ್, ಸಿಟ್, ವೀವ್ ಎಂದು ಬರೆದು
ಒಂದೊಂದರ ಬಾಲಕ್ಕೂ ಇಂಗ್ ಹಚ್ಚಿದೆ.
"ಒಗ್ಗರಣಿಗೇನ್ರಿ ಟೀಚರ?"
ಹಿಂದಿನ ಬೆಂಚಿನ ಅಮರಪ್ಪ.
ಇಂಗು ತೆಂಗು ಇದ್ದರೆ ಮಂಗನೂ ಅಡುಗೆ ಮಾಡುತ್ತದೆ,
ಹೌದಪ್ಪಾ, ಅಂದೆ,
ಚಿಟಿಕೆ ಹಾಕಿದರೆ ಸಾಕು, ಕೆಲಸ ಮುಗಿಯುವುದೇ ಇಲ್ಲ.

ಸಿಟ್‌ಗೆ ಒಂದು ಟಿ ಹೆಚ್ಚಾಗುತ್ತದೆ,
ವೀವ್‌ನ ಕೊನೆಯ ಇ ಬಿದ್ದುಹೋಗುತ್ತದೆ.
ಕೂತವನಿಗೆ ಒಂದು ಜಾಸ್ತಿ, ನೇಯ್ದವನಿಗೆ ಒಂದು ಕಡಿತ.
ಯಾಕೆಂದು ಈ ಊರಿನ ಮಕ್ಕಳು ಕೇಳಲಿಲ್ಲ.

ಸ್ಲೋಲಿ ಎಂಬುದು ಅಲ್ಲಿ ಹಿಂದೂ ಬರಬಹುದು ಮುಂದೂ,
ಹಬ್ಬಕ್ಕೆ ಬಂದ ಅಳಿಯನ ಹಾಗೆ
ಎಲ್ಲಿ ಕೂತರೂ ನಡೆಯುತ್ತದೆ.
ನಮ್ಮ ಮೆಲ್ಲಗೆ ಮಾತ್ರ ಕ್ರಿಯೆಯ ಮುಂದೆ
ಕಂದೀಲು ಹಿಡಿದೇ ಹೋಗಬೇಕು.
ಸಿಟಿಂಗ್ ಆನ್ ದ ಬೆಂಚ್, ಅಂದೆ.
ಅಮರಪ್ಪ ಮತ್ತೆ ಎದ್ದ:
"ಇದೆಂಥಾದ್ರಿ, ಮೊದಲ ಕುಂತ ಬಿಡ್ತಾರ,
ಆಮ್ಯಾಲ ಬೆಂಚ ಹುಡುಕ್ತಾರ?
ನಮ್ಮಲ್ಲಿ ಬೆಂಚ ಇದ್ದರನ ಕುಂಡ್ರೂದು."

ರಾಜಮಾ ನಗಲಿಲ್ಲ.
ಅವಳ ಬೆರಳು ಡೆಸ್ಕಿನ ಕೆಳಗೆ
ಬರೀ ಗಾಳಿಗೆ ಕುಣಿಕೆ ಹಾಕುತ್ತಿದ್ದವು.
ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ;
ಎಳೆಯ ಕುಣಿಕೆಯೊಳಗೆ ಎಳೆಯ ಕುಣಿಕೆ ತೂರಿಸಿ
ಕೊಂಡಿ ಹಾಕುವುದು ಅವಳ ಮುಂಜಾನೆಯ ಕೆಲಸ,
ಏಳೂವರೆಯ ತನಕ, ತಾಯಿಯ ಎದುರು ಕೂತು.
ಪುಸ್ತಕ ಮಡಚಿಟ್ಟು ಅದನ್ನೇ ಹೇಳಿದೆ:
ಇಂಗ್ ಅಂದರೆ ಕೊಂಡಿ.
ಆಚೆ ಹತ್ತಿ, ಈಚೆ ರೇಷ್ಮೆ,
ಜಗ್ಗಿದರೆ ಬಿಚ್ಚಬಾರದು.

ಮರುದಿನ ಅವಳ ನೋಟ್‌ಬುಕ್ಕಿನಲ್ಲಿ:
ವಾಕಿಂಗ್ ಟು ಸ್ಕೂಲ್, ದ ಲೂಮ್ ವಾಸ್ ಕಾಲಿಂಗ್ ಮಿ.
ಕೆಂಪು ಗೆರೆ ಎಳೆದೆ.
ಶಾಲೆಗೆ ನಡೆದವರು ಯಾರು, ನೀನೋ ಮಗ್ಗವೋ?
ಈ ವಾಕ್ಯದಲ್ಲಿ ನೋಡು,
ಮಗ್ಗ ಪಾಟೀಚೀಲ ಹೆಗಲಿಗೆ ಹಾಕಿಕೊಂಡು
ಶಾಲೆಗೆ ಬರುತ್ತಿದೆ.
"ಬರತೈತ್ರಿ" ಅಂದಳು.

ಆಮೇಲೆ ಸರ್ವನಾಮ.
ಹೀ, ಹಿಮ್, ಹಿಸ್.
ಹಿಮ್ ವೀವಿಂಗ್ ಅಂದರೆ ಕಿವಿ ಮನುಷ್ಯನ ಮೇಲೆ,
ಹಿಸ್ ವೀವಿಂಗ್ ಅಂದರೆ ಅವನ ನೇಯ್ಗೆಯ ಮೇಲೆ.
ಶೀ, ಹರ್, ಹರ್.
ರಾಜಮಾ ಎರಡು ಸಲ ಎಣಿಸಿದಳು,
ಹಾಸಿನಲ್ಲಿ ಎಣಿಕೆ ತಪ್ಪಿದಾಗ ಎಣಿಸುವ ಹಾಗೆ, ಉಗುರಿನಿಂದ.
"ಇಲ್ಲೊಂದ ಎಳಿ ಕಡಿಮಿ ಬಂದೈತ್ರಿ ಟೀಚರ.
ಹರ್ ವೀವಿಂಗ್ ಕೇಳಿದೆ ಅಂದ್ರ
ಕೇಳಿಸಿದ್ದು ಅಮ್ಮೀನೋ, ಅಮ್ಮೀ ಕೆಲಸಾನೋ?"

ಇಂಗು ತಿಂದ ಮಂಗನ ಹಾಗೆ ನಿಂತೆ,
ಕೈಯಲ್ಲಿ ಸೀಮೆಸುಣ್ಣ.
ಹದಿನೇಳು ವರ್ಷ ಇದೇ ಕೋಷ್ಟಕ ಬರೆದಿದ್ದೇನೆ,
ಕೊನೆಯ ಎರಡು ಮನೆ ಒಂದೇ ಎಂದು
ಕೈ ತಾನೇ ಬರೆದುಕೊಂಡು ಹೋಗುತ್ತಿತ್ತು.
ನಮ್ಮ ಮನೆಯಲ್ಲೂ ತಿಂಗಳ ಕೊನೆಗೆ
"ಅಕೀದು ಬಂತೇನು?" ಅಂತ ಕೇಳುವುದುಂಟು.
ನಾನಲ್ಲ, ಪಗಾರ.
ಕನ್ನಡದಲ್ಲಿ ಅವಳನ್ನು ಬೇರೆ, ಅವಳ ಬೇರೆ,
ಹಾಗಂತ ಎರಡನ್ನೂ ಕೇಳಿಸಿಕೊಂಡವರು ಎಷ್ಟು ಮಂದಿ?
ಗಂಟೆ ಬಾರಿಸಿತು. ನಾಳೆ ನೋಡೋಣ, ಅಂದೆ.

ಸಂಜೆ ನೇಕಾರ ಓಣಿ ಹಾಯ್ದು
ಬಸ್‌ಸ್ಟ್ಯಾಂಡಿಗೆ ನಡೆಯುತ್ತ
ಒಂದು ತೆರೆದ ಬಾಗಿಲ ಬಳಿ ನಿಂತೆ.
ಒಳಗೆ ಕತ್ತಲು, ಗುಂಡಿ ಮಗ್ಗ, ಲಾಳಿಯ ಸದ್ದು.
ಯಾರೋ ಕೆಮ್ಮಿದರು. ಸದ್ದು ನಿಂತಿತು.
ನೀರು ಕುಡಿದು ಚೊಂಬು ನೆಲಕ್ಕಿಟ್ಟರು.
ಮತ್ತೆ ಸದ್ದು.

ಹುನಗುಂದದ ಬಸ್ಸು.
"ಎಲ್ಲಿಗ್ರಿ?" ಅಂದ ಕಂಡಕ್ಟರ.
"ಹೊಂಟೇನ್ರಿ" ಅಂದುಬಿಟ್ಟೆ.
ಯಂತ್ರದ ಮೇಲೆ ಹೆಬ್ಬೆರಳಿಟ್ಟು ಕಾದ, ಆಮೇಲೆ ಹೇಳಿದ:
"ಸೊನ್ನಿ ಟಿಕೀಟಿಗೂ
ಒಂದ ಊರು ಬೇಕಲ್ರಿ ಅಕ್ಕಾರ."